ನೈಟ್ ಡ್ಯೂಟಿಯವರ ನಿದ್ದೆ: ಸಾಂಕ್ರಾಮಿಕದ ದಿನಗಳಿಗೆ ಕಾರವಾರ–ಶಿರಸಿ ಸೀಮೆಯ ಆರೋಗ್ಯ ಸಿಬ್ಬಂದಿಗೊಂದು ಮಾರ್ಗದರ್ಶಿ

ರಾತ್ರಿ ಹತ್ತಕ್ಕೆ ಮಲಗಿ, ಬೆಳಿಗ್ಗೆ ಐದಕ್ಕೆ ಏಳಿ. ನಿದ್ದೆಯ ಬಗ್ಗೆ ಎಲ್ಲರೂ ಕೊಡುವ ಸಲಹೆ ಇದು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ವಾರ್ಡಿನಲ್ಲಿರುವ ಸ್ಟಾಫ್ ನರ್ಸ್ ಇದನ್ನು ಇಟ್ಟುಕೊಂಡು ಏನು ಮಾಡಬೇಕು? ಹಗಲೆಲ್ಲ ಮನೆ ಮನೆ ಸುತ್ತಿ ರಾತ್ರಿಯೂ ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಮಲಗುವ ಆಶಾ ಕಾರ್ಯಕರ್ತೆ ಏನು ಮಾಡಬೇಕು? 108ರ ಡ್ರೈವರ್, ಲ್ಯಾಬ್ ಟೆಕ್ನಿಷಿಯನ್, ವಾರ್ಡ್ ತೊಳೆಯುವವರು ಏನು ಮಾಡಬೇಕು? ಈ ಬರಹ ಅವರಿಗಾಗಿ, ಅವರ ಮನೆಯವರಿಗಾಗಿ. ಕೊನೆಯ ಭಾಗದ ಸ್ವಲ್ಪ, ಅವರ ಡ್ಯೂಟಿ ಲಿಸ್ಟ್ ಬರೆಯುವವರಿಗಾಗಿ. ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಆ ಲಿಸ್ಟ್ ಬರೆಯುವ ಕೆಲಸ ಹಲವು ವರ್ಷ ನನ್ನದಾಗಿತ್ತು. ಹಾಗಾಗಿ ಇಲ್ಲಿರುವುದರಲ್ಲಿ ಪುಸ್ತಕದ ಮಾತೂ ಇದೆ, ವಾರ್ಡಿನ ಮಾತೂ ಇದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಕೋವಿಡ್‌ನ ಆ ದಿನಗಳನ್ನು ನೆನಪಿಸಬೇಕಾಗಿಲ್ಲ. 2020ರ ಮಾರ್ಚ್ ಕೊನೆಗೆ ಭಟ್ಕಳದಲ್ಲಿ ಪ್ರಕರಣಗಳು ಕಾಣಿಸಿಕೊಂಡವು. ಮೊದಮೊದಲ ರೋಗಿಗಳನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ಕರೆತಂದರು. ಆಗ ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಕಾಲವೂ ಮುಗಿದಿರಲಿಲ್ಲ. ಮರುವರ್ಷದ ಏಪ್ರಿಲ್, ಮೇ ತಿಂಗಳ ಎರಡನೇ ಅಲೆ ಇನ್ನೂ ಕೆಟ್ಟದಾಗಿತ್ತು. ಅದರ ನಡುವೆಯೇ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂತು. ಜುಲೈಯಲ್ಲಿ ನೆರೆ, ಗುಡ್ಡ ಕುಸಿತ. ಇಷ್ಟರ ಮಧ್ಯೆ ಕೆಲಸ ಮಾಡಿದವರ ನಿದ್ದೆ ಕೆಡದೆ ಇರುತ್ತದಾ?

ಇದು ನಮ್ಮಲ್ಲಿ ಮಾತ್ರ ಆದದ್ದೂ ಅಲ್ಲ. 2020ರ ಜನವರಿ ಕೊನೆಗೆ ಚೀನಾದ 34 ಆಸ್ಪತ್ರೆಗಳ 1257 ವೈದ್ಯರು ಮತ್ತು ನರ್ಸ್‌ಗಳನ್ನು ಮಾತಾಡಿಸಿ ನೋಡಿದರು. ಶೇ. 34ರಷ್ಟು ಮಂದಿಯಲ್ಲಿ ನಿದ್ರಾಹೀನತೆಯ ಲಕ್ಷಣ ಕಂಡಿತು. ಶೇ. 70ಕ್ಕಿಂತ ಜಾಸ್ತಿ ಮಂದಿ ಮನಸ್ಸಿನ ಸಂಕಟದಲ್ಲಿದ್ದರು. ಸಾಂಕ್ರಾಮಿಕ ಇನ್ನೂ ಶುರುವಾಗಿದ್ದಷ್ಟೇ, ಆಗಲೇ ಈ ಲೆಕ್ಕ.

ನಿದ್ದೆಯನ್ನು ಆರಾಮದ ವಿಷಯ ಅಂತ ನೋಡಬೇಡಿ. ಮಾಸ್ಕ್, ಗ್ಲೌಸ್ ಇದ್ದ ಪಟ್ಟಿಯಲ್ಲೇ ಅದನ್ನೂ ಸೇರಿಸಿ. 2009ರಲ್ಲಿ ಅಮೆರಿಕದಲ್ಲಿ 153 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿ ನೋಡಿದ ಒಂದು ಅಧ್ಯಯನ ಇದೆ. ಏಳು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ, ಎಂಟು ಗಂಟೆ ಮಲಗುವವರಿಗಿಂತ ನೆಗಡಿ ಹತ್ತುವ ಸಾಧ್ಯತೆ ಸುಮಾರು ಮೂರು ಪಟ್ಟು ಇತ್ತು. ಸೋಂಕಿನ ನಡುವೆ ನಿಲ್ಲುವವರಿಗೆ ಇದು ಸಣ್ಣ ಮಾತಲ್ಲ.

ಮೊದಲು, ಯಾವ ನಿದ್ದೆ ಕೆಟ್ಟಿದೆ ಅಂತ ನೋಡಿ

"ನಿದ್ದೆ ಆಗ್ತಿಲ್ಲ" ಅನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ತೊಂದರೆ ಇರಬಹುದು. ಒಂದು, ಮಲಗಲು ಸಮಯವೇ ಇಲ್ಲ. ಡ್ಯೂಟಿ, ಅಡುಗೆ, ಮಕ್ಕಳು, ಮತ್ತೆ ಡ್ಯೂಟಿ. ಎರಡು, ಸಮಯ ಇದೆ, ಹಾಸಿಗೆ ಇದೆ, ಆದರೆ ಹೊರಳಾಡುವುದೇ ಆಗುತ್ತದೆ. ಮೂರು, ನಿದ್ದೆ ಹತ್ತುತ್ತದೆ, ಆದರೆ ಕೆಟ್ಟ ಕನಸು ಬಿದ್ದು ಬೆವೆತು ಏಳುತ್ತೀರಿ. ಮೂರಕ್ಕೂ ಮದ್ದು ಬೇರೆ. ಸಮಯವೇ ಇಲ್ಲದವರಿಗೆ ಪ್ರಾಣಾಯಾಮ ಹೇಳಿಕೊಟ್ಟು ಏನು ಉಪಯೋಗ? ಅವರಿಗೆ ಬೇಕಾದದ್ದು ಎರಡು ಗಂಟೆ ಬಿಡುವು.

ಒಂದು ವಾರ ಬರೆದಿಡಿ. ಹಳೆ ನೋಟ್‌ಬುಕ್ಕು ಸಾಕು. ಎಷ್ಟು ಹೊತ್ತಿಗೆ ಮಲಗಿದಿರಿ, ಅಂದಾಜು ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು, ಯಾವಾಗ ಎದ್ದಿರಿ, ಕೊನೆಯ ಚಾ ಎಷ್ಟು ಗಂಟೆಗೆ, ಅವತ್ತು ಯಾವ ಡ್ಯೂಟಿ. ಅಂದಾಜು ಅಂತ ಯಾಕೆ ಹೇಳಿದೆ ಅಂದರೆ, ಮಲಗಿದಲ್ಲಿಂದ ಗಡಿಯಾರ ನೋಡುತ್ತಿದ್ದರೆ ಇದ್ದ ನಿದ್ದೆಯೂ ಹೋಗುತ್ತದೆ. ಎದ್ದ ಮೇಲೆ ಬರೆದರೆ ಸಾಕು.

ಇನ್ನೂ ಸರಿಯಾಗಿ ಅಳೆಯಬೇಕು ಅಂದರೆ ಪಿಟ್ಸ್‌ಬರ್ಗ್ ಪ್ರಶ್ನಾವಳಿ ಇದೆ. 1989ರಿಂದ ಬಳಕೆಯಲ್ಲಿದೆ. ಹಿಂದಿನ ಒಂದು ತಿಂಗಳ ನಿದ್ದೆಯ ಬಗ್ಗೆ 19 ಪ್ರಶ್ನೆ ಕೇಳಿ, 21ರವರೆಗೆ ಅಂಕ ಕೊಡುತ್ತದೆ. ಐದನ್ನು ದಾಟಿದರೆ ನಿದ್ದೆಯ ಗುಣಮಟ್ಟ ಚೆನ್ನಾಗಿಲ್ಲ ಅಂತ ಅರ್ಥ.

ಆಮೇಲೆ, ಒಂದು ತುಂಡು ನಿದ್ದೆಯನ್ನು ಗಟ್ಟಿ ಮಾಡಿ

ಇಡೀ ಬರಹದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ನಿದ್ದೆಯನ್ನು ಎರಡು ಸಂಗತಿ ನಡೆಸುತ್ತವೆ. ಎಚ್ಚರ ಇದ್ದಷ್ಟೂ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ. ಅದು ಒಂದು. ಮಿದುಳಿನೊಳಗಿನ ಗಡಿಯಾರ ಇನ್ನೊಂದು. ಅದು ಬೆಳಕನ್ನು ನೋಡಿ ಹಗಲು ರಾತ್ರಿ ತಿಳಿಯುತ್ತದೆ. ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯಿಂದ ಹೊರಗೆ ಕಾಲಿಟ್ಟಾಗ ನಿಮ್ಮ ಒತ್ತಡ ಪೂರ್ತಿ ಏರಿರುತ್ತದೆ, ಆದರೆ ಗಡಿಯಾರ "ಬೆಳಗಾಯ್ತು" ಅನ್ನುತ್ತಿರುತ್ತದೆ. ಅದಕ್ಕೇ ಅಷ್ಟು ಸುಸ್ತಾಗಿ ಮಲಗಿದರೂ ಹನ್ನೊಂದಕ್ಕೆ ತಟ್ಟನೆ ಎಚ್ಚರ. ಈ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಜರುಗುತ್ತದೆ. ಮೂರು ನೈಟ್ ಮಾಡಿದ ಮಾತ್ರಕ್ಕೆ ಹಗಲು ರಾತ್ರಿ ಅದಲುಬದಲಾಗುವುದಿಲ್ಲ. ಹಾಗೆ ಮಾಡಲು ಹೋಗಲೂಬೇಡಿ.

ಬದಲಿಗೆ, ನೈಟ್ ಇರುವ ಅಷ್ಟೂ ದಿನ ನಾಲ್ಕು ಗಂಟೆಯ ಒಂದು ತುಂಡನ್ನು ಒಂದೇ ಹೊತ್ತಿಗೆ ಕಾಯ್ದುಕೊಳ್ಳಿ. ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದೂವರೆ ಅನ್ನಿ. ಆ ಹೊತ್ತಿನಲ್ಲಿ ಸಿಲಿಂಡರ್ ಬರಲಿ, ನೆಂಟರು ಬರಲಿ, ಬ್ಯಾಂಕ್ ಕೆಲಸ ಇರಲಿ, ನೀವು ಇಲ್ಲ ಅಂತಲೇ ಲೆಕ್ಕ. ಇನ್ನೂ ಹೆಚ್ಚು ಮಲಗಲು ಆದರೆ ಒಳ್ಳೆಯದೇ. ಎಚ್ಚರಾಯಿತು ಅಂದರೆ ಬೇಸರ ಬೇಡ. ಎದ್ದು ಊಟ ಮಾಡಿ. ಉಳಿದ ನಿದ್ದೆಯನ್ನು ಸಂಜೆ ಐದರಿಂದ ಆರೂವರೆವರೆಗೆ ಮುಗಿಸಿ ಡ್ಯೂಟಿಗೆ ಹೊರಡಿ. ಎರಡೂ ಸೇರಿ ಐದೂವರೆ, ಆರು ಗಂಟೆ ಆಗುತ್ತದೆ. ದೊಡ್ಡವರಿಗೆ ದಿನಕ್ಕೆ ಏಳು ಗಂಟೆಯಾದರೂ ಬೇಕು ಅನ್ನುವುದು ನಿಜ. ಆ ಕೊರತೆಯನ್ನು ಆಫ್ ದಿನ ಸ್ವಲ್ಪ ತುಂಬಿಕೊಳ್ಳಬಹುದು.

ಮೊದಲ ನೈಟ್‌ಗೆ ಹೋಗುವ ದಿನ ಬಹಳ ಮಂದಿ ಬೆಳಿಗ್ಗೆ ಆರಕ್ಕೆದ್ದು ಮನೆಗೆಲಸವೆಲ್ಲ ಮುಗಿಸಿ ನೇರ ಡ್ಯೂಟಿಗೆ ಬರುತ್ತಾರೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಅವರು ಎಚ್ಚರವಾಗಿದ್ದು 26 ಗಂಟೆ. ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಒಂದೂವರೆ ಗಂಟೆ ಕತ್ತಲೆ ಮಾಡಿಕೊಂಡು ಮಲಗಲೇಬೇಕು. ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ಬಿದ್ದುಕೊಳ್ಳಿ. ಕೊನೆಯ ನೈಟ್ ಮುಗಿಸಿದ ದಿನ ಉಲ್ಟಾ ಮಾಡಿ. ಹನ್ನೆರಡೂವರೆ, ಒಂದಕ್ಕೇ ಎದ್ದು ಹೊರಗೆ ಬೆಳಕಿನಲ್ಲಿ ಓಡಾಡಿ. ರಾತ್ರಿ ಎಲ್ಲರಂತೆ ಮಲಗಿ.

ಆಶಾ ಕಾರ್ಯಕರ್ತೆಯರಿಗೆ, ಎಎನ್‌ಎಂ ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರಿಗೆ ನೈಟ್ ಶಿಫ್ಟ್ ಇಲ್ಲ. ಆದರೆ ಕಂಟೈನ್‌ಮೆಂಟ್ ಕಾಲದಲ್ಲಿ ಫೋನ್ ನಿಂತಿರಲಿಲ್ಲ. ಅವರೂ ಒಂದು ತುಂಡು ಗಟ್ಟಿ ಮಾಡಿಕೊಳ್ಳಬೇಕು, ರಾತ್ರಿ ಹನ್ನೊಂದರಿಂದ ನಾಲ್ಕು ಅನ್ನಿ. ಹೆರಿಗೆ ಹತ್ತಿರ ಬಂದವರ ನಂಬರು, ಪಿಎಚ್‌ಸಿ ವೈದ್ಯರ ನಂಬರು, ಮನೆಯವರ ನಂಬರು, ಇಷ್ಟನ್ನು ಮಾತ್ರ ಫೋನ್‌ನಲ್ಲಿ ವಿಶೇಷ ಪಟ್ಟಿಗೆ ಹಾಕಿ ಉಳಿದದ್ದನ್ನು ಸೈಲೆಂಟ್ ಮಾಡಬಹುದು. ವರದಿಯ ವಾಟ್ಸ್ಯಾಪ್ ಗುಂಪಿಗೆ ಬೆಳಿಗ್ಗೆ ಉತ್ತರ ಕೊಟ್ಟರೆ ಯಾವ ಜೀವಕ್ಕೂ ಅಪಾಯ ಇಲ್ಲ.

ವಾರ್ಡಿನಲ್ಲಿ ಕಳೆಯುವ ರಾತ್ರಿ

ಹಗಲಿನ ನಿದ್ದೆ ಹೇಗಾಗುತ್ತದೆ ಅನ್ನುವುದು ಅರ್ಧದಷ್ಟು ಹಿಂದಿನ ರಾತ್ರಿಯೇ ತೀರ್ಮಾನ ಆಗುತ್ತದೆ.

ಡ್ಯೂಟಿಯ ಮೊದಲರ್ಧ ಚೆನ್ನಾಗಿ ಬೆಳಕಿರುವ ಕಡೆ ಇರಿ. ಮೂರು ಗಂಟೆಯ ನಂತರ ನರ್ಸಿಂಗ್ ಸ್ಟೇಷನ್ನಿನ ದೀಪ ಸ್ವಲ್ಪ ಕಡಿಮೆ ಮಾಡಲು ಆಗುತ್ತದಾ ನೋಡಿ. ಔಷಧಿ ತೆಗೆಯುವ ಮೇಜಿನ ಮೇಲೆ ಮಾತ್ರ ಬೆಳಕು ಕಡಿಮೆ ಬೇಡ.

ಚಾ ಬಗ್ಗೆ ಹೇಳಲೇಬೇಕು. ಚಾ, ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕುಡಿದ ಕಪ್ಪಿನ ಅರ್ಧ ನೀವು ಒಂಬತ್ತಕ್ಕೆ ಹಾಸಿಗೆಗೆ ಹೋಗುವಾಗಲೂ ಒಳಗೇ ಇರುತ್ತದೆ. ಹಾಗಾಗಿ ಕೊನೆಯ ಚಾ ರಾತ್ರಿ ಎರಡರೊಳಗೆ. ಒಂದೇ ಸಲ ದೊಡ್ಡ ಲೋಟ ಬೇಡ, ಸಣ್ಣ ಸಣ್ಣದಾಗಿ ಕುಡಿಯಿರಿ. ಎರಡರ ನಂತರ ಬಿಸಿ ಬೇಕೆನಿಸಿದರೆ ಘಟ್ಟದ ಮೇಲಿನವರ ಕಷಾಯ ಇದೆಯಲ್ಲ, ಕೊತ್ತಂಬರಿ, ಜೀರಿಗೆ ಪುಡಿಯದು. ಅದರಲ್ಲಿ ಕೆಫೀನ್ ಇಲ್ಲ. ಥರ್ಮಾಸ್‌ನಲ್ಲಿ ಒಯ್ದರೆ ನಾಲ್ಕು ಮಂದಿಗೆ ಆಗುತ್ತದೆ. ಇನ್ನು ಕವಳ, ಅಂದರೆ ಎಲೆಅಡಿಕೆ. ನಿದ್ದೆ ತಡೆಯಲು ಅಂತ ತಂಬಾಕು ಹಾಕಿದ ಕವಳ ಜಗಿಯುವವರು ನಮ್ಮ ಕಡೆ ಜಾಸ್ತಿ, ಅದರಲ್ಲೂ ಡ್ರೈವರ್‌ಗಳು. ನಿಕೋಟಿನ್ ಕೂಡ ನಿದ್ದೆ ಕೆಡಿಸುವ ವಸ್ತುವೇ. ಬಾಯಿಯ ಕ್ಯಾನ್ಸರ್ ಬೇರೆ. ಆ ಚಟವನ್ನು ಬಿಟ್ಟುಬಿಡಿ.

ಊಟವನ್ನು ಡ್ಯೂಟಿಗೆ ಮುಂಚೆ ಅಥವಾ ಹತ್ತರೊಳಗೆ ಮುಗಿಸಿ. ನಡುರಾತ್ರಿ ಹೊಟ್ಟೆ ತುಂಬ ತಿಂದರೆ ಜೀರ್ಣವೂ ಆಗುವುದಿಲ್ಲ, ತೂಕಡಿಕೆಯೂ ಬರುತ್ತದೆ. ಹಸಿವಾದರೆ ಬಾಳೆಹಣ್ಣು, ತೆಳು ಗಂಜಿ, ಒಂದು ಹಿಡಿ ಶೇಂಗಾ ಸಾಕು. ಊಟದ ಜೊತೆ ಮಾವಿನಕಾಯಿಯ ಅಪ್ಪೆಹುಳಿ ಕುಡಿದರೆ ನಿದ್ದೆ ಎಳೆಯುತ್ತದೆ ಅಂತ ಶಿರಸಿ ಕಡೆಯವರು ಹೇಳುತ್ತಾರೆ. ಹಾಗಿದ್ದರೆ ಅದನ್ನು ಡ್ಯೂಟಿ ಮುಗಿಸಿ ಬಂದ ಮೇಲಿನ ಊಟಕ್ಕೆ ಇಟ್ಟುಕೊಳ್ಳಿ.

ಪಿಪಿಇ ಕಿಟ್ ಹಾಕಿದವರ ಕಷ್ಟ ಇನ್ನೊಂದು. ಕರಾವಳಿಯ ಸೆಕೆಯಲ್ಲಿ ಆರು ಗಂಟೆ ಅದರೊಳಗೆ ಇದ್ದರೆ ಒಳಬಟ್ಟೆ ಹಿಂಡುವಷ್ಟು ಬೆವರು. ಹೊರಬಂದ ಮೇಲೆ ತಲೆನೋವು. ಮನೆಗೆ ಹೋಗಿ ಒಂದೇ ಸಲ ಲೀಟರ್‌ಗಟ್ಟಲೆ ನೀರು ಕುಡಿದು ಮಲಗಿದರೆ ಗಂಟೆಗೊಮ್ಮೆ ಮೂತ್ರಕ್ಕೆ ಏಳಬೇಕು. ಕಿಟ್ ತೆಗೆದು ಕೈ ತೊಳೆದ ತಕ್ಷಣ, ಆಸ್ಪತ್ರೆಯಲ್ಲೇ ನೀರು ಕುಡಿಯಲು ಶುರು ಮಾಡಿ. ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಅಥವಾ ಓಆರ್‌ಎಸ್ ಆದರೆ ಇನ್ನೂ ಒಳ್ಳೆಯದು. ಮನೆ ಮುಟ್ಟುವ ಹೊತ್ತಿಗೆ ಬಾಯಾರಿಕೆ ತೀರಿರಬೇಕು.

ಬ್ರೇಕ್ ಸಿಕ್ಕರೆ 20 ನಿಮಿಷದ ಕೋಳಿನಿದ್ದೆ ಮಾಡಿ. ಅಲಾರಾಂ ಇಟ್ಟು ಮಲಗಿ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿಯುತ್ತೀರಿ, ಎದ್ದಾಗ ಮಂಕು ಕವಿಯುತ್ತದೆ. ಎದ್ದ ಮೇಲೆ ಮುಖ ತೊಳೆದು, ಹತ್ತು ಹದಿನೈದು ನಿಮಿಷ ಬಿಟ್ಟೇ ಇಂಜೆಕ್ಷನ್ನಿಗೆ ಕೈ ಹಾಕಿ.

ಮೂರರಿಂದ ಐದು ಗಂಟೆ ಎಲ್ಲಕ್ಕಿಂತ ಅಪಾಯದ ಹೊತ್ತು. ಮೈಯ ಬಿಸಿ ಅತಿ ಕಡಿಮೆ ಇರುವುದು ಆಗ. ಅನುಭವ ಇದ್ದವರ ಕಣ್ಣೂ ಆಗ 0.5 ಅನ್ನು 5 ಅಂತ ಓದುತ್ತದೆ. ಆ ಹೊತ್ತಿಗೆ ಕೊಡಬೇಕಾದ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂನಂಥ ಔಷಧಿಗೆ ಒಂದು ಪದ್ಧತಿ ಮಾಡಿಕೊಳ್ಳಿ. ನೀವು ಸಿರಿಂಜ್ ಎಳೆಯಿರಿ. ಚೀಟಿಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಲಿ: ಹೆಸರು, ಬೆಡ್ ನಂಬರು, ಔಷಧಿ, ಎಷ್ಟು. ನೀವು ಸಿರಿಂಜಿನ ಗೆರೆ ನೋಡಿ ವಾಪಸ್ ಹೇಳಿ. ಅರ್ಧ ನಿಮಿಷದ ಕೆಲಸ. ವಾರ್ಡಿನಲ್ಲಿ ಒಬ್ಬರೇ ಇದ್ದರೆ, ಗಟ್ಟಿಯಾಗಿ ನೀವೇ ಓದಿ, ಬೆರಳಿಟ್ಟು ಓದಿ.

ಮನೆ ದಾರಿ

17 ಗಂಟೆ ಎಚ್ಚರ ಇದ್ದವರ ಚುರುಕುತನ, ರಕ್ತದಲ್ಲಿ 100 ಮಿಲಿಲೀಟರ್‌ಗೆ 50 ಮಿಲಿಗ್ರಾಂ ಮದ್ಯ ಇದ್ದವರಷ್ಟೇ ಇರುತ್ತದೆ ಅಂತ ಪ್ರಯೋಗಗಳು ತೋರಿಸಿವೆ. 24 ಗಂಟೆಗೆ ಅದು 100 ಮಿಲಿಗ್ರಾಂ ಹತ್ತಿರ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಕಾನೂನಿನ ಮಿತಿ 30. ಅಂದರೆ ಒಂದು ತೊಟ್ಟೂ ಕುಡಿಯದ ನರ್ಸ್, ಬೆಳಿಗ್ಗೆ ಸ್ಕೂಟರ್ ಹತ್ತಿದಾಗ ಕುಡಿದವರಂತೆಯೇ ಓಡಿಸುತ್ತಿರಬಹುದು. ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಅಂಕೋಲೆ ಕಡೆಗೆ ಹೋಗುವವರು, ಮಳೆಯಲ್ಲಿ ದೇವಿಮನೆ ಘಟ್ಟ ಹತ್ತುವವರು ಇದನ್ನು ಯೋಚಿಸಲೇಬೇಕು.

ಆದಷ್ಟು ಬಸ್ಸಿನಲ್ಲಿ ಹೋಗಿ. ಇಲ್ಲವೇ ಮನೆಯವರೊಬ್ಬರು ಬಂದು ಕರೆದೊಯ್ಯಲಿ. ನೀವೇ ಓಡಿಸಬೇಕಾದರೆ ಹೊರಡುವ ಮುಂಚೆ ಆಸ್ಪತ್ರೆಯಲ್ಲೇ 20 ನಿಮಿಷ ಮಲಗಿ. ದಾರಿಯಲ್ಲಿ ಒಮ್ಮೆ ಕಣ್ಣು ಕೂತರೆ, ಹಿಂದಿನ ತಿರುವು ದಾಟಿದ್ದೇ ನೆನಪಿಲ್ಲದಿದ್ದರೆ, ಅಲ್ಲೇ ನಿಲ್ಲಿಸಿ. ಗಾಳಿ ಬೀಸಿದರೆ, ಹಾಡು ಹಾಕಿದರೆ ನಿದ್ದೆ ಹೋಗುತ್ತದೆ ಅನ್ನುವುದು ಸುಳ್ಳು. ಹಿಂದೆ ಕೂತು ಹೋಗುವವರು ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೆಳಗಿನ ಬಿಸಿಲು ಕಣ್ಣಿಗೆ ಕಡಿಮೆ ಬಿದ್ದಷ್ಟೂ ಮನೆಯಲ್ಲಿ ಬೇಗ ನಿದ್ದೆ ಹತ್ತುತ್ತದೆ. ಗಾಡಿ ಓಡಿಸುವವರು ಮಾತ್ರ ಇದನ್ನು ಮಾಡಬೇಡಿ, ತೂಕಡಿಕೆ ಜಾಸ್ತಿಯಾಗುತ್ತದೆ.

ಮಲಗುವ ಕೋಣೆ

ಕೋಣೆಯ ಉಷ್ಣತೆ 18, 20 ಡಿಗ್ರಿ ಇರಲಿ ಅಂತ ಬರೆದಿರುತ್ತಾರೆ. ಮೇ ತಿಂಗಳ ಕಾರವಾರದಲ್ಲಿ ಎಸಿ ಇಲ್ಲದ ಮನೆಗೆ ಆ ಮಾತು ಹೇಳಿ ಏನು ಪ್ರಯೋಜನ? ಮನೆಯ ಪೂರ್ವ ಮತ್ತು ಪಶ್ಚಿಮದ ಕೋಣೆಗಳಲ್ಲಿ ಬೆಳಗಿನ ನಿದ್ದೆಗೆ ಪಶ್ಚಿಮದ್ದನ್ನು ಆರಿಸಿಕೊಳ್ಳಿ. ಮಧ್ಯಾಹ್ನದವರೆಗೆ ಅಲ್ಲಿ ಬಿಸಿಲು ಬೀಳುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿಯೂ ಶುರುವಾಗುತ್ತದೆ. ತಾರಸಿಯ ಕೆಳಗಿನ ಕೋಣೆಗಿಂತ ಕೆಳ ಮಹಡಿ ತಂಪು. ಫೋಮ್ ಹಾಸಿಗೆ ಬೆನ್ನನ್ನು ಬೇಯಿಸುತ್ತದೆ. ಅದರ ಮೇಲೊಂದು ಚಾಪೆ, ಚಾಪೆಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ. ಬಂದ ತಕ್ಷಣದ ಸ್ನಾನಕ್ಕೆ ತಣ್ಣೀರು ಬೇಡ, ಉಗುರು ಬೆಚ್ಚಗಿನ ನೀರು ಇರಲಿ. ಚರ್ಮಕ್ಕೆ ರಕ್ತ ಬಂದು ಒಳಗಿನ ಬಿಸಿ ಹೊರಹೋಗುತ್ತದೆ. ಫ್ಯಾನಿನ ಕೆಳಗೆ ಮಲಗಿದಾಗ ಮೈ ತಂಪಾಗಿ ನಿದ್ದೆ ಹತ್ತುವುದು ಅದರಿಂದಲೇ. ಸೋಂಕಿನ ಕಾಲದಲ್ಲಿ ಹೇಗೂ ಬಂದ ಕೂಡಲೇ ಸ್ನಾನ ಮಾಡುತ್ತೀರಿ ಅಲ್ವಾ, ಅದು ಎರಡು ಕೆಲಸ ಮಾಡಿದ ಹಾಗಾಯಿತು.

ಕತ್ತಲೆಗೆ ದುಬಾರಿ ಪರದೆ ಬೇಕಿಲ್ಲ. ಹಳೆಯ ಕಪ್ಪು ಸೀರೆ ಅಥವಾ ಕಡುನೀಲಿ ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ, ಕಿಟಕಿಯ ಸರಳಿಗೆ ಬಟ್ಟೆ ಕ್ಲಿಪ್ ಹಾಕಿ ಬಿಗಿಯಿರಿ. ಬುಡದಲ್ಲಿ ಎರಡು ಬೆರಳು ಜಾಗ ಬಿಟ್ಟರೆ ಗಾಳಿ ಬರುತ್ತದೆ. ಹಂಚಿನ ಮನೆಯಾದರೆ ಬೆಳಕಿಗಾಗಿ ಹಾಕಿದ ಗಾಜಿನ ಹಂಚನ್ನೂ ನೋಡಿ. ಹತ್ತು ಗಂಟೆಗೆ ಅದರ ಬಿಸಿಲು ನೇರ ಮುಖದ ಮೇಲೆ ಬೀಳುತ್ತದೆ. ಹಾಸಿಗೆಯನ್ನೇ ಸರಿಸಿ, ಇಲ್ಲವೇ ಕಣ್ಣಿಗೆ ಹತ್ತಿ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳಿ.

ಸದ್ದು ಕಷ್ಟದ ವಿಷಯ. ಬೆಳಿಗ್ಗೆ ಹತ್ತಕ್ಕೆ ಊರು ಪೂರ್ತಿ ಎಚ್ಚರ ಇರುತ್ತದೆ. ಮೀನಿನವರ ಕೂಗು, ಪಕ್ಕದ ಮನೆಯ ಮಿಕ್ಸಿ, ದೇವಸ್ಥಾನದ ಮೈಕ್, ಸುಗ್ಗಿಯಾದರೆ ಅಂಗಳದಲ್ಲಿ ಅಡಿಕೆಯ ಕೆಲಸ. ಸದ್ದಿಗಿಂತಲೂ ಅದರ ಏರಿಳಿತ ನಿದ್ದೆ ಕೆಡಿಸುತ್ತದೆ. ಒಂದೇ ಸಮನಾದ ಸದ್ದು ಅದನ್ನು ಮುಚ್ಚುತ್ತದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಸುರಿಯುವ ಮಳೆ ಆ ಕೆಲಸ ಮಾಡುತ್ತದೆ, ಬೇಸಿಗೆಯಲ್ಲಿ ಜೋರಾಗಿ ತಿರುಗುವ ಟೇಬಲ್ ಫ್ಯಾನ್. ಕಿವಿಗೆ ಇಯರ್‌ಪ್ಲಗ್ ಆಗುತ್ತದೆ. ಆಗ ಅಲಾರಾಂ ಕೇಳುತ್ತದಾ ಅಂತ ಮೊದಲೊಮ್ಮೆ ನೋಡಿಕೊಳ್ಳಿ. ಗಾಳಿಮಳೆಗೆ ಕರೆಂಟ್ ಹೋಗುವುದು ನಮ್ಮಲ್ಲಿ ಖಾತ್ರಿ. ಚಾರ್ಜಿನ ಸಣ್ಣ ಫ್ಯಾನ್ ಒಂದು ಇಟ್ಟುಕೊಳ್ಳಿ. ನೈಟ್ ಮಾಡುವವರಿಗೆ ಅದು ಅಗತ್ಯದ ಖರ್ಚೇ.

ಮನೆಯವರೊಂದಿಗೆ ಒಪ್ಪಂದ

ಗಂಡಸು ನೈಟ್ ಮುಗಿಸಿ ಬಂದರೆ ಮನೆಯವರು "ಶ್, ಮಲಗಿದ್ದಾರೆ" ಅನ್ನುತ್ತಾರೆ. ಹೆಂಗಸು ನೈಟ್ ಮುಗಿಸಿ ಬಂದರೆ ತಿಂಡಿ ಮಾಡುತ್ತಾಳೆ. ನಾನು ಕಂಡ ನರ್ಸ್‌ಗಳ ನಿದ್ದೆ ಕಡಿಮೆಯಾಗಲು ವೈರಸ್ಸಿನಷ್ಟೇ ದೊಡ್ಡ ಕಾರಣ ಇದು. ಇದನ್ನು ಯಾವ ಯೋಗವೂ ಸರಿ ಮಾಡುವುದಿಲ್ಲ, ಮನೆಯವರೇ ಮಾಡಬೇಕು.

ಹಾಗಾಗಿ ನೈಟ್ ಶುರುವಾಗುವ ಹಿಂದಿನ ದಿನವೇ ಕೂತು ಮಾತಾಡಿ. ಬೆಳಗಿನ ತಿಂಡಿ ಯಾರು, ಮಕ್ಕಳನ್ನು ಶಾಲೆಗೆ ಬಿಡುವುದು ಯಾರು, ಒಂಬತ್ತೂವರೆಯಿಂದ ಒಂದೂವರೆವರೆಗೆ ಬಾಗಿಲು ತೆಗೆಯುವುದು ಯಾರು. ಎಬ್ಬಿಸಲೇಬೇಕಾದ ಕಾರಣಗಳು ಯಾವುವು ಅಂತಲೂ ಹೇಳಿಡಿ. ಅಜ್ಜಿಗೆ ಉಸಿರಾಟದ ತೊಂದರೆ ಆದರೆ ಎಬ್ಬಿಸಿ. ಉಪ್ಪಿನಕಾಯಿ ಭರಣಿ ಎಲ್ಲಿದೆ ಅಂತ ಕೇಳಲು ಬೇಡ. ಬಾಗಿಲಿಗೆ ಒಂದು ಚೀಟಿ ಅಂಟಿಸಿ: "ನೈಟ್ ಮುಗಿಸಿ ಮಲಗಿದ್ದಾರೆ. ಒಂದೂವರೆ ನಂತರ ಬನ್ನಿ." ನೆರೆಹೊರೆಯವರು ಅದನ್ನು ಓದಿ ಗೌರವಿಸುತ್ತಾರೆ.

ತಲೆಯೊಳಗಿನ ವಾರ್ಡ್

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅನ್ನುತ್ತಾರೆ. ಎರಡನೇ ಅಲೆಯಲ್ಲಿ ಕೆಲಸ ಮಾಡಿದವರಿಗೆ ಚಿಂತೆ ಬಿಡು ಅಂತ ಹೇಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ಕಣ್ಣು ಮುಚ್ಚಿದರೂ ಮಾನಿಟರಿನ ಬೀಪ್ ಕೇಳುತ್ತಿತ್ತು ಅಂತ ಎಷ್ಟೋ ಮಂದಿ ಹೇಳಿದ್ದಾರೆ. ಆ ಚಿಂತೆಗೆ ಒಂದು ಜಾಗ ಮಾಡಿಕೊಡಬೇಕು, ಅದು ಹಾಸಿಗೆಯ ಹೊರಗೆ ಇರಬೇಕು.

ಹ್ಯಾಂಡ್‌ಓವರ್ ಮುಗಿದ ಮೇಲೆ, ಬಟ್ಟೆ ಬದಲಾಯಿಸುವ ಮುಂಚೆ, ಐದು ನಿಮಿಷ ಒಂದು ಚೀಟಿ ಬರೆಯಿರಿ. ಹೀಗೆ: "ಬೆಡ್ 7ರ ಅಜ್ಜ, ನಾಲ್ಕು ಗಂಟೆಗೆ ಆಕ್ಸಿಜನ್ ಇಳಿದಿತ್ತು, ಡಾಕ್ಟರಿಗೆ ಹೇಳಿದೆ, ಬೆಳಗಿನ ಸಿಸ್ಟರ್‌ಗೂ ಹೇಳಿದೆ. ಬೆಡ್ 3ರವರ ಮಗಳಿಗೆ ಫೋನ್ ಮಾಡುವುದು ಬಾಕಿ, ಅವರೇ ಮಾಡುತ್ತಾರೆ. ರಾತ್ರಿ ಬಂದ ಮೇಲೆ ನಾನು ನೋಡಬೇಕಾದದ್ದು ಸ್ಟಾಕ್ ರಿಜಿಸ್ಟರ್." ಮಾಡಿದ್ದು, ಒಪ್ಪಿಸಿದ್ದು, ಉಳಿದದ್ದು. ಚೀಟಿಯನ್ನು ಲಾಕರಿನಲ್ಲೇ ಬಿಟ್ಟು ಬನ್ನಿ. ಮಲಗಿದಾಗ "ಅದು ಹೇಳಿದೆನಾ, ಇಲ್ಲವಾ" ಅನ್ನುವ ಪ್ರಶ್ನೆ ಎದ್ದರೆ ಉತ್ತರ ನಿಮಗೆ ಗೊತ್ತಿರುತ್ತದೆ.

ಮಲಗಿ ಸುಮಾರು ಇಪ್ಪತ್ತು ನಿಮಿಷ ಆದರೂ ನಿದ್ದೆ ಇಲ್ಲ ಅನಿಸಿದರೆ ಎದ್ದು ಬನ್ನಿ. ಮಂದ ಬೆಳಕಿನಲ್ಲಿ ಸುಮ್ನೆ ಕೂತುಕೊಳ್ಳಿ, ಬಟ್ಟೆ ಮಡಚಿ, ಹೂ ಕಟ್ಟಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಿ. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮಿದುಳು ಕಲಿಯಬಾರದು. ಫೋನ್ ಬೇಡ. ಬೆಳಕಿಗಿಂತ ಅದರಲ್ಲಿ ಬರುವ ಸುದ್ದಿಯೇ ಕೆಟ್ಟದ್ದು.

ಒಂದೇ ಕೆಟ್ಟ ಕನಸು ಮತ್ತೆ ಮತ್ತೆ ಬೀಳುತ್ತಿದ್ದರೆ ಅದಕ್ಕೆ ಒಂದು ಪರೀಕ್ಷಿಸಿದ ದಾರಿ ಇದೆ. ಎಚ್ಚರ ಇರುವಾಗ ಆ ಕನಸನ್ನು ಬರೆಯಿರಿ. ಅದರ ಕೊನೆಯನ್ನು ನಿಮಗೆ ಬೇಕಾದ ಹಾಗೆ ಬದಲಾಯಿಸಿ ಮತ್ತೆ ಬರೆಯಿರಿ. ಆ ಹೊಸ ರೂಪವನ್ನು ದಿನಾ ಹತ್ತು ಇಪ್ಪತ್ತು ನಿಮಿಷ ಮನಸ್ಸಿನಲ್ಲಿ ನೋಡಿ. ಬಹಳ ಮಂದಿಗೆ ಕೆಲವು ವಾರಗಳಲ್ಲಿ ಕನಸು ಸಡಿಲಾಗುತ್ತದೆ. ತೀರಿಹೋದ ರೋಗಿಯ ನೆನಪು ಬಂದು ಅಳು ಬಂದರೆ ಅತ್ತುಬಿಡಿ. ಅದೇ ಪಾಳಿಯಲ್ಲಿದ್ದ ಸಹೋದ್ಯೋಗಿಯ ಜೊತೆ ಮಾತಾಡಿ. ಅಲ್ಲಿ ಇದ್ದವರಿಗೆ ವಿವರಿಸಿ ಹೇಳಬೇಕಾಗುವುದಿಲ್ಲ.

ಮಾತ್ರೆ, ಮದ್ಯ

ಔಷಧಿ ಕೈಗೆ ಸಿಗುವ ಜಾಗದಲ್ಲಿ ಕೆಲಸ ಮಾಡುವವರಿಗೆ ಈ ಅಪಾಯ ಜಾಸ್ತಿ. ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್ ತರಹದ ಮಾತ್ರೆ ಸ್ವಂತಕ್ಕೆ ನುಂಗಬೇಡಿ. ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬರುವುದಿಲ್ಲ ಅನ್ನುವ ಸ್ಥಿತಿ ಬರುತ್ತದೆ. ಅಲರ್ಜಿಯ ಮಾತ್ರೆ ನುಂಗಿ ಮಲಗಿದರೆ ಎದ್ದ ಮೇಲೂ ಮಂಪರು ಇರುತ್ತದೆ, ರಾತ್ರಿ ಡ್ಯೂಟಿಯಲ್ಲಿ ಅದು ಅಪಾಯ. ಮದ್ಯ ನಿದ್ದೆ ಹತ್ತಿಸುತ್ತದೆ, ಆದರೆ ನಡುವೆ ಮುರಿಯುತ್ತದೆ. ನಿಮಗೇ ಸೋಂಕು ತಗುಲಿ ಸ್ಟೀರಾಯ್ಡ್ ಕೊಟ್ಟಿದ್ದರೆ, ನಿದ್ದೆ ಕೆಟ್ಟದ್ದು ಅದರಿಂದಲೂ ಇರಬಹುದು. ಬೆಳಗಿನ ಹೊತ್ತು ತೆಗೆದುಕೊಳ್ಳಬಹುದಾ ಅಂತ ವೈದ್ಯರನ್ನು ಕೇಳಿ.

ಡ್ಯೂಟಿ ಲಿಸ್ಟ್ ಬರೆಯುವವರಿಗೆ

ಮೇಲಿನ ಎಲ್ಲವನ್ನೂ ಒಬ್ಬ ನರ್ಸ್ ಶ್ರದ್ಧೆಯಿಂದ ಪಾಲಿಸಿದರೂ, ಲಿಸ್ಟ್ ಕೆಟ್ಟದಾಗಿದ್ದರೆ ಅವಳಿಗೆ ನಿದ್ದೆ ಇಲ್ಲ. ಜನ ಕಡಿಮೆ ಇದ್ದಾರೆ ಅನ್ನುವುದು ನನಗೆ ಗೊತ್ತು. ಇದ್ದ ಜನರಲ್ಲೇ ಆಗುವ ಕೆಲಸಗಳಿವೆ.

ಪಾಳಿಗಳು ಮುಂದಕ್ಕೆ ಸರಿಯಲಿ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಆಮೇಲೆ ಆಫ್. ರಾತ್ರಿಯಿಂದ ಮಧ್ಯಾಹ್ನಕ್ಕೆ ಹಿಂದೆ ಎಳೆಯಬೇಡಿ. ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಎರಡು ಪಾಳಿಗಳ ನಡುವೆ 11 ಗಂಟೆಯಾದರೂ ಬಿಡುವು ಇರಲಿ. ಸತತ ನೈಟ್ ಮೂರು, ಹೆಚ್ಚೆಂದರೆ ನಾಲ್ಕು. ಕೊನೆಯ ನೈಟ್ ಮುಗಿದು ಮನೆಗೆ ಹೋದ ದಿನವನ್ನು ಆಫ್ ಅಂತ ಎಣಿಸಬೇಡಿ, ಅದು ನಿದ್ದೆಯ ದಿನ. ಲಿಸ್ಟನ್ನು ಎರಡು ವಾರ ಮುಂಚೆ ಹಾಕಿ. ಮನೆಯಲ್ಲಿ ಒಪ್ಪಂದ ಮಾಡಿಕೊಳ್ಳಲು ಅವರಿಗೆ ಸಮಯ ಬೇಕು. ರಾತ್ರಿಯ 20 ನಿಮಿಷದ ನಿದ್ದೆಯನ್ನು ಕದ್ದು ಮಾಡುವ ಕೆಲಸವಾಗಿಸಬೇಡಿ. ಯಾರು ಯಾವಾಗ ಅಂತ ಬೋರ್ಡಿನ ಮೇಲೆ ಬರೆದುಬಿಡಿ. ಒಂದು ಮಂಚ, ಒಂದು ಫ್ಯಾನ್, ಒಂದು ಬಾಗಿಲು ಇರುವ ಕೋಣೆ ಕೊಡಿ. ಮನೆಯ ಹಿರಿಯರಿಗೆ ಸೋಂಕು ತಾಗೀತು ಅನ್ನುವ ಭಯ ಇರುವವರಿಗೆ ಹಾಸ್ಟೆಲ್ಲೋ ವಸತಿಗೃಹವೋ ವ್ಯವಸ್ಥೆಯಾದರೆ, ಅದರಿಂದ ಬರುವ ನಿದ್ದೆ ಯಾವ ಉಪದೇಶದಿಂದಲೂ ಬರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇಟ್ಟು ನೈಟ್ ಮುಗಿಸಿದವರನ್ನು ಕರೆಯಬೇಡಿ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು

ವಾರದಲ್ಲಿ ಮೂರು ದಿನವಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ನಡೆದರೆ ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಅಷ್ಟು ದಿನ ಕಾಯಲೇಬೇಕು ಅಂತಲ್ಲ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ನಿದ್ದೆಗೆಂದೇ ರೂಪಿಸಿದ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಅದರಲ್ಲಿ ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ಕಡಿಮೆ ಮಾಡುವ ಒಂದು ಹಂತ ಇದೆ. ಡ್ರೈವರ್‌ಗಳು, ನೈಟ್ ಮಾಡುವವರು ಅದನ್ನು ಸ್ವಂತಕ್ಕೆ ಮಾಡದೆ ತಜ್ಞರ ಜೊತೆಗೇ ಮಾಡಬೇಕು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತ ಹಾಗೆ ಆಗುವುದು, ಎಷ್ಟು ಮಲಗಿದರೂ ಹಗಲು ತೂಕಡಿಕೆ ಇದ್ದರೆ ಸ್ಲೀಪ್ ಅಪ್ನಿಯಾ ಇರಬಹುದು, ಅದರ ಪರೀಕ್ಷೆಯೇ ಬೇರೆ.

ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಕೆಲಸಕ್ಕೆ ಹೋಗಲು ಕಾಲು ಬರುವುದಿಲ್ಲ, ಸಾಯುವ ಯೋಚನೆ ಬರುತ್ತಿದೆ ಅಂದರೆ ಅದು ಬರೀ ನಿದ್ದೆಯ ವಿಷಯ ಅಲ್ಲ. ಅವತ್ತೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮದೇ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಲು ಸಂಕೋಚ ಆಗುವವರಿಗೆ, ಎಲ್ಲರೂ ಗುರುತಿನವರೇ ಆಗಿರುವ ನಮ್ಮಂಥ ಸಣ್ಣ ಊರುಗಳಲ್ಲಿ, ಇದು ಒಳ್ಳೆಯ ದಾರಿ. ಮನೆಯಲ್ಲಿ ಒಬ್ಬರೇ ಮಾತಾಡಲು ಜಾಗ ಇಲ್ಲದಿದ್ದರೆ ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಹೊರಟು, ದಾರಿಯಲ್ಲಿ ಎಲ್ಲಾದರೂ ಕೂತು ಫೋನ್ ಮಾಡಿ.